ಹಾರ್ಡ್ ಬೇರೆ, ಹಾರ್ಡ್‌ಲಿ ಬೇರೆ
(ನಮ್ಮ ಸಂಘದ ರಾತ್ರಿ ಇಂಗ್ಲಿಷು ವರ್ಗದಲ್ಲಿ ಸಂಘಟಕರೊಬ್ಬರು ಮಾಡಿದ ಭಾಷಣ. ಪಾಳಿಯ ಕಾರಣದಿಂದ ವರ್ಗಕ್ಕೆ ಬರಲಾಗದ ಬಂಧುಗಳಿಗೂ ಉಪಯೋಗವಾಗಲೆಂದು ಇಲ್ಲಿ ಅಚ್ಚು ಹಾಕಿದ್ದೇವೆ. — ಸಂ.)



ಸಂಘದ ಸಭೆಯೆಂದರೆ ಪಗಾರದ ಮಾತು, ರಜೆಯ ಮಾತು, ಬೋನಸ್ಸಿನ ಮಾತು. ಅದನ್ನು ಕೇಳಿ ನಿಮಗೆ ರೂಢಿ. ಇಂದು ನಾನು ಇಂಗ್ಲಿಷು ವ್ಯಾಕರಣದ ಮಾತು ಹೇಳಲು ನಿಂತಿದ್ದೇನೆ. "ಇವನು ಯಾವಾಗ ಮಾಸ್ತರನಾದ?" ಎಂದು ಹಿಂದಿನ ಬೆಂಚಿನವರು ಪಿಸುಗುಟ್ಟುವುದು ಕೇಳಿಸುತ್ತಿದೆ. ನಾನು ಮಾಸ್ತರನಲ್ಲ. ಊರಿನಲ್ಲಿ ಏಳನೆಯ ಇಯತ್ತೆ ಮುಗಿಸಿ ಮುಂಬಯಿಗೆ ಬಂದೆ. ಮೇಜು ಒರೆಸಿದೆ, ತಟ್ಟೆ ತೊಳೆದೆ, ಸಪ್ಲೈ ಮಾಡಿದೆ. ಇಂಗ್ಲಿಷನ್ನು ಕಲಿತದ್ದು ರಾತ್ರಿ ಶಾಲೆಯಲ್ಲಿ ಸ್ವಲ್ಪ, ಸಂಘದ ಕಾಗದಪತ್ರಗಳಲ್ಲಿ ಬಹಳ. ಆದುದರಿಂದ ಪಂಡಿತರ ಹಾಗೆ ಹೇಳಲು ನನಗೆ ಬಾರದು. ಕೆಲಸಗಾರನಿಗೆ ಎಷ್ಟು ಬೇಕೋ ಅಷ್ಟನ್ನು ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್ ಎಂಬುದೊಂದು, ಅಡ್ವರ್ಬ್ ಎಂಬುದೊಂದು, ಹೀಗೆ ಎರಡು ಜಾತಿಯ ಶಬ್ದಗಳಿವೆ. ಕನ್ನಡ ಶಾಲೆಯಲ್ಲಿ ಮೊದಲನೆಯದನ್ನು ಗುಣವಾಚಕವೆಂದೂ ಎರಡನೆಯದನ್ನು ಕ್ರಿಯಾವಿಶೇಷಣವೆಂದೂ ಬಾಯಿಪಾಠ ಮಾಡಿದ್ದೇವೆ. ಇವೆರಡೂ ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ. ಅಣ್ಣನ ಜಾಗದಲ್ಲಿ ತಮ್ಮನನ್ನು ಕೂರಿಸಿದರೆ ಏನಾಗುತ್ತದೆ? ಒಂದು ಉದಾಹರಣೆ ಸಾಕು.

ನಮ್ಮ ಹುಡುಗನೊಬ್ಬ ಪಗಾರ ಹೆಚ್ಚಿಸಬೇಕೆಂದು ಮಾಲಕರಿಗೆ ಅರ್ಜಿ ಬರೆದ. ಎಂಟು ವರ್ಷ ಕಷ್ಟಪಟ್ಟು ದುಡಿದಿದ್ದೇನೆ ಎಂಬುದು ಅವನ ಮನಸ್ಸಿನಲ್ಲಿದ್ದ ಮಾತು. ಕಷ್ಟಪಟ್ಟು ಎಂಬುದಕ್ಕೆ 'ಹಾರ್ಡ್' ಎಂದು ಗೊತ್ತಿತ್ತು. ಬಾಲಕ್ಕೆ ಒಂದು 'ಲಿ' ಹಚ್ಚಿದರೆ ಇಂಗ್ಲಿಷು ಇನ್ನೂ ಗಟ್ಟಿಯಾಗುತ್ತದೆಂದು ತಿಳಿದು, "ಐ ಹ್ಯಾವ್ ಹಾರ್ಡ್‌ಲಿ ವರ್ಕ್ಡ್ ಫಾರ್ ಎಯ್ಟ್ ಇಯರ್ಸ್" ಎಂದು ಬರೆದುಕೊಟ್ಟ. ಅದರ ಅರ್ಥವೇನು ಗೊತ್ತೆ? "ಎಂಟು ವರ್ಷದಿಂದ ನಾನು ಕೆಲಸವನ್ನೇ ಮಾಡಿಲ್ಲವೆಂದರೂ ಸರಿ" ಎಂದು! ಬೆನ್ನು ಮುರಿಯುವಂತೆ ದುಡಿದವನು ತನ್ನ ಕೈಯಿಂದಲೇ ತನ್ನ ಮೇಲೆ ಸಾಕ್ಷಿ ಬರೆದುಕೊಟ್ಟಂತಾಯಿತು. ಮ್ಯಾನೇಜರರು ಆ ಕಾಗದವನ್ನು ನಾಲ್ಕು ಜನರಿಗೆ ತೋರಿಸಿ ನಕ್ಕರು. ಪಗಾರ ಹೆಚ್ಚಲಿಲ್ಲ.

ನಗುವವರು ನಗಲಿ. ನಾವು ಕಲಿಯೋಣ.

ಯಾರ ಕೈ ಹಿಡಿದಿದೆ?

ಮೊದಲ ಪಾಠ ಇದು. ಶಬ್ದವನ್ನು ನೋಡಬೇಡಿ, ಅದು ಯಾರ ಕೈ ಹಿಡಿದಿದೆ ಎಂಬುದನ್ನು ನೋಡಿ.

ಹೆಸರಿನ ಕೈ ಹಿಡಿದಿದ್ದರೆ ಅಡ್ಜೆಕ್ಟಿವ್. ಮನುಷ್ಯ, ವಸ್ತು, ಜಾಗ, ಪಗಾರ, ರಜೆ, ನೋಟೀಸು, ಇವೆಲ್ಲ ಹೆಸರುಗಳು. "ಹಾಟ್ ಟೀ" ಎಂದರೆ ಬಿಸಿ ಚಹ. ಹಾಟ್ ಎಂಬುದು ಚಹದ ಕೈ ಹಿಡಿದಿದೆ. "ಎಂಥ ಚಹ?" ಎಂಬ ಪ್ರಶ್ನೆಗೆ ಉತ್ತರ ಅದು. ಎಂಥ, ಯಾವ, ಎಷ್ಟು ಎಂದು ಹೆಸರನ್ನು ಹಿಡಿದು ಕೇಳಿದರೆ ಬರುವ ಉತ್ತರವೆಲ್ಲ ಅಡ್ಜೆಕ್ಟಿವ್.

ಕೆಲಸದ ಕೈ ಹಿಡಿದಿದ್ದರೆ ಅಡ್ವರ್ಬ್. ತೊಳೆ, ಓಡು, ಬಾ, ನೇಯಿ, ಕೊಡು, ಇವು ಕೆಲಸಗಳು. ಹೇಗೆ ತೊಳೆದ? ಯಾವಾಗ ಬಂದ? ಎಲ್ಲಿ ಇಟ್ಟ? ಎಷ್ಟು ಸಲ ಮಾಡಿದ? ಇಂಥ ಪ್ರಶ್ನೆಗಳಿಗೆ ಬರುವ ಉತ್ತರ ಅಡ್ವರ್ಬ್.

ಹೋಟೇಲಿನ ಗೋಡೆಯ ಮೇಲೆ "ಕ್ವಿಕ್ ಸರ್ವಿಸ್" ಎಂದು ಬೋರ್ಡು ಇರುತ್ತದೆ. ಸರ್ವಿಸ್ ಎಂಬುದು ಹೆಸರು. ಆದುದರಿಂದ ಕ್ವಿಕ್, ಅಡ್ಜೆಕ್ಟಿವ್. ಗಲ್ಲೆಯಲ್ಲಿ ಕುಳಿತವರು "ಸರ್ವ್ ಕ್ವಿಕ್‌ಲಿ" ಎಂದು ಕೂಗಿದರೆ ಸರ್ವ್ ಎಂಬುದು ಕೆಲಸ. ಆದುದರಿಂದ ಕ್ವಿಕ್‌ಲಿ, ಅಡ್ವರ್ಬ್. ಗಿರಣಿಯವರಿಗೆ ಹೇಳುವುದಾದರೆ, "ಎ ಕೇರ್‌ಫುಲ್ ವೀವರ್" ಎಂದರೆ ಜಾಗರೂಕನಾದ ನೇಕಾರ. "ಹೀ ವೀವ್ಸ್ ಕೇರ್‌ಫುಲಿ" ಎಂದರೆ ಅವನು ಜಾಗರೂಕತೆಯಿಂದ ನೇಯುತ್ತಾನೆ. ಆಳು ಒಬ್ಬನೇ, ಗುಣವೂ ಒಂದೇ. ಆದರೆ ಮೊದಲನೆಯದು ಆಳಿನ ಮಾತು, ಎರಡನೆಯದು ಅವನ ಕೆಲಸದ ಮಾತು.

ನಮ್ಮ ಕನ್ನಡವೇ ಅರ್ಧ ಕಲಿಸಿದೆ

ಇದು ಪರದೇಶದ ವಿದ್ಯೆಯೆಂದು ಹೆದರಬೇಕಾಗಿಲ್ಲ. ಬಾಲ ನೋಡಿ ಗುರುತಿಸುವ ಈ ಉಪಾಯ ನಮ್ಮ ಕನ್ನಡದಲ್ಲಿಯೇ ಇದೆ. 'ಶುಚಿಯಾದ ತಟ್ಟೆ', 'ಶುಚಿಯಾಗಿ ತೊಳೆ'. 'ನಿಧಾನವಾದ ಗಾಡಿ', 'ನಿಧಾನವಾಗಿ ಹೋಗು'. 'ಆದ' ಎಂದು ಬಂದಲ್ಲಿ ಮುಂದೆ ಹೆಸರು ಇದೆ. 'ಆಗಿ' ಎಂದು ಬಂದಲ್ಲಿ ಮುಂದೆ ಕೆಲಸ ಇದೆ. 'ಶುಚಿಯಾಗಿ ತಟ್ಟೆ' ಎಂದಷ್ಟೇ ಹೇಳಿ ಯಾರೂ ನಿಲ್ಲಿಸುವುದಿಲ್ಲ. ಊರಿನಲ್ಲಿ ಅಕ್ಷರ ಬಾರದ ಅಜ್ಜಿಯೂ ಈ ತಪ್ಪು ಮಾಡುವವಳಲ್ಲ.

ಇಂಗ್ಲಿಷಿನ 'ಲಿ' ಎಂಬುದು ಬಹುಮಟ್ಟಿಗೆ ನಮ್ಮ 'ಆಗಿ'. ಸ್ಲೋ ಎಂದರೆ ನಿಧಾನವಾದ, ಸ್ಲೋಲಿ ಎಂದರೆ ನಿಧಾನವಾಗಿ. ಕ್ಲಿಯರ್ ಎಂದರೆ ಸ್ಪಷ್ಟವಾದ, ಕ್ಲಿಯರ್‌ಲಿ ಎಂದರೆ ಸ್ಪಷ್ಟವಾಗಿ. ಸಂಶಯ ಬಂದಾಗ ಮನಸ್ಸಿನಲ್ಲಿ ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ. 'ಆದ' ಬಂದರೆ ಲಿ ಇಲ್ಲ, 'ಆಗಿ' ಬಂದರೆ ಲಿ ಇದೆ. ನೂರರಲ್ಲಿ ಬಹಳಷ್ಟು ಮಾತಿಗೆ ಈ ಅಳತೆ ಸರಿಹೋಗುತ್ತದೆ.

ಆದರೆ ಇದೇ ಕನ್ನಡ ಒಂದು ಕಡೆ ನಮ್ಮನ್ನು ಹಳ್ಳಕ್ಕೆ ಇಳಿಸುತ್ತದೆ. ಅದನ್ನು ಈಗಲೇ ತೋರಿಸಿಬಿಡುತ್ತೇನೆ.

ಗಿರಾಕಿಯೊಬ್ಬರು "ಸಾಂಬಾರು ಚೆನ್ನಾಗಿದೆ" ಎನ್ನುತ್ತಾರೆ. ಚೆನ್ನಾಗಿ ಎಂಬಲ್ಲಿ 'ಆಗಿ' ಇದೆ. ಹಾಗಾದರೆ ಇಂಗ್ಲಿಷಿನಲ್ಲಿ ಅಡ್ವರ್ಬ್ ಬರಬೇಕಲ್ಲವೆ? "ದಿ ಸಾಂಬಾರ್ ಈಸ್ ವೆಲ್" ಎನ್ನಬೇಕೆ? ಹಾಗೆಂದರೆ ಸಾಂಬಾರಿನ ಆರೋಗ್ಯ ಚೆನ್ನಾಗಿದೆ ಎಂದಂತಾಗುತ್ತದೆ! ಸರಿಯಾದ ಮಾತು "ದಿ ಸಾಂಬಾರ್ ಈಸ್ ಗುಡ್". ಹಾಗೆಯೇ "ಚಹ ಬಿಸಿಯಾಗಿದೆ" ಎಂಬುದಕ್ಕೆ "ದಿ ಟೀ ಈಸ್ ಹಾಟ್".

ಯಾಕೆ ಹೀಗೆ? 'ಈಸ್' ಎಂಬುದು ಬೆವರು ಸುರಿಸುವ ಕೆಲಸವಲ್ಲ. ಅದು ತಕ್ಕಡಿಯ ದಂಡಿಗೆಯ ಹಾಗೆ. ಒಂದು ತಟ್ಟೆಯಲ್ಲಿ ಚಹ, ಇನ್ನೊಂದು ತಟ್ಟೆಯಲ್ಲಿ ಬಿಸಿ. ದಂಡಿಗೆ ನಡುವೆ ನಿಂತಿದೆ, ಅಷ್ಟೆ. ಬಿಸಿ ಎಂಬುದು ಕೈ ಹಿಡಿದದ್ದು ದಂಡಿಗೆಯನ್ನಲ್ಲ, ಆಚೆಯ ತಟ್ಟೆಯಲ್ಲಿರುವ ಚಹವನ್ನು. ಚಹ ಹೆಸರು, ಆದುದರಿಂದ ಅಡ್ಜೆಕ್ಟಿವ್. ಆಮ್, ಆರ್, ವಾಸ್, ವರ್, ಬಿಕಮ್, ಸೀಮ್, ಇವೆಲ್ಲ ಇಂಥ ದಂಡಿಗೆಯ ಶಬ್ದಗಳೇ.

ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೌಂಡ್ ಎಂಬ ಐದು ಶಬ್ದಗಳು ಮಾತ್ರ ಎರಡೂ ಪಾಳಿಯಲ್ಲಿ ದುಡಿಯುತ್ತವೆ. ಒಮ್ಮೆ ದಂಡಿಗೆ, ಒಮ್ಮೆ ಕೆಲಸ. ಇವುಗಳ ಪರೀಕ್ಷೆ ಸುಲಭ. ಆ ಜಾಗದಲ್ಲಿ 'ಈಸ್' ಇಟ್ಟು ನೋಡಿ. "ದಿ ಮಿಲ್ಕ್ ಸ್ಮೆಲ್ಸ್ ಸಾರ್", ಹಾಲು ಹುಳಿ ವಾಸನೆ ಬರುತ್ತಿದೆ. ಈಸ್ ಇಟ್ಟರೆ "ದಿ ಮಿಲ್ಕ್ ಈಸ್ ಸಾರ್". ಅರ್ಥ ಕೂಡುತ್ತದೆ, ಅಡ್ಜೆಕ್ಟಿವ್ ಸರಿ. "ದಿ ಮ್ಯಾನೇಜರ್ ಲುಕ್ಸ್ ಆಂಗ್ರಿ", ಮ್ಯಾನೇಜರರ ಮುಖ ಸಿಟ್ಟಾಗಿದೆ. ಇದೂ ಕೂಡುತ್ತದೆ. ಆದರೆ "ದಿ ಮ್ಯಾನೇಜರ್ ಲುಕ್ಡ್ ಆಂಗ್ರಿಲಿ ಅಟ್ ದಿ ಬಾಯ್" ಎಂಬಲ್ಲಿ ಈಸ್ ಕೂಡುವುದಿಲ್ಲ. ಅಲ್ಲಿ ಅವರು ಹುಡುಗನನ್ನು ದುರುದುರು ನೋಡುವ ಕೆಲಸ ಮಾಡಿದ್ದಾರೆ. ಕೆಲಸ ಬಂತು, ಲಿ ಬಂತು.

ರಜಾ ಅರ್ಜಿ ಬರೆಯುವವರಿಗೆ ಒಂದು ಮಾತು. ಮೈ ಸರಿಯಿಲ್ಲದಾಗ "ಐ ಆಮ್ ನಾಟ್ ವೆಲ್" ಎಂದು ಬರೆಯಿರಿ. ಇಲ್ಲಿ ವೆಲ್ ಎಂದರೆ ಆರೋಗ್ಯವಂತ; ಇದು ಅಡ್ಜೆಕ್ಟಿವ್ ಆಗಿಯೇ ಬಂದಿದೆ. "ಹೀ ಕುಕ್ಸ್ ವೆಲ್", ಅವನು ಚೆನ್ನಾಗಿ ಅಡಿಗೆ ಮಾಡುತ್ತಾನೆ ಎಂಬಲ್ಲಿ ಅದೇ ವೆಲ್ ಅಡ್ವರ್ಬ್. "ಐ ಆಮ್ ನಾಟ್ ಗುಡ್" ಎಂದು ಬರೆದರೆ "ನಾನು ಒಳ್ಳೆಯವನಲ್ಲ" ಎಂದು ಓದುವವರೂ ಇರುತ್ತಾರೆ. ಮಾಲಕರ ಕೈಗೆ ಅಂಥ ಕಾಗದವನ್ನು ನಾವಾಗಿ ಕೊಡುವುದೇಕೆ?

ಲಿ ಎಂಬ ಬಾಲವನ್ನು ನಂಬಿ ಕೆಟ್ಟವರು

ಲಿ ಇದ್ದದ್ದೆಲ್ಲ ಅಡ್ವರ್ಬ್ ಎಂದು ಕೆಲವರು ಕಣ್ಣು ಮುಚ್ಚಿ ಹೇಳುತ್ತಾರೆ. ಅದು ಸರಿಯಲ್ಲ. ಫ್ರೆಂಡ್‌ಲಿ ಎಂದರೆ ಸ್ನೇಹದ, ಕಾಸ್ಟ್‌ಲಿ ಎಂದರೆ ದುಬಾರಿಯಾದ. ಇವು ಅಡ್ಜೆಕ್ಟಿವ್‌ಗಳು. ಇದಕ್ಕೂ ಒಂದು ಗುರುತು ಇದೆ. ಬಾಲವನ್ನು ಕಿತ್ತು ನೋಡಿ. ಸ್ಲೋಲಿಯ ಬಾಲ ಕಿತ್ತರೆ ಉಳಿಯುವುದು ಸ್ಲೋ, ಅದು ಗುಣ. ಗುಣಕ್ಕೆ ಲಿ ಹಚ್ಚಿದರೆ ಸಾಮಾನ್ಯವಾಗಿ ಅಡ್ವರ್ಬ್. ಫ್ರೆಂಡ್‌ಲಿಯ ಬಾಲ ಕಿತ್ತರೆ ಉಳಿಯುವುದು ಫ್ರೆಂಡ್, ಅದು ಹೆಸರು. ಹೆಸರಿಗೆ ಲಿ ಹಚ್ಚಿದರೆ ಸಾಮಾನ್ಯವಾಗಿ ಅಡ್ಜೆಕ್ಟಿವ್.

ಡೇಲಿ, ವೀಕ್‌ಲಿ, ಮಂತ್‌ಲಿ ಎಂಬ ಮೂರು ಎರಡೂ ಆಗುತ್ತವೆ. ಅಂಗಡಿ, ಉಪಾಹಾರಗೃಹ, ನಾಟಕಶಾಲೆಗಳಲ್ಲಿ ದುಡಿಯುವವರ ವಾರದ ರಜೆಗಾಗಿ 1942ರಲ್ಲಿ ಒಂದು ಕಾಯಿದೆ ಬಂತು. ಅದರ ಹೆಸರು ವೀಕ್‌ಲಿ ಹಾಲಿಡೇಸ್ ಆಕ್ಟ್. ಹಾಲಿಡೇ ಎಂಬುದು ಹೆಸರು. ಅದರ ಕೈ ಹಿಡಿದ ವೀಕ್‌ಲಿ ಅಡ್ಜೆಕ್ಟಿವ್. "ವೀ ಆರ್ ಪೇಡ್ ಮಂತ್‌ಲಿ" ಎಂದರೆ ನಮಗೆ ತಿಂಗಳಿಗೊಮ್ಮೆ ಪಗಾರ ಕೊಡುತ್ತಾರೆ. ಕೊಡುವುದು ಕೆಲಸ, ಅಲ್ಲಿ ಮಂತ್‌ಲಿ ಅಡ್ವರ್ಬ್.

ಬಾಲವೇ ಇಲ್ಲದೆ ಎರಡು ಕಡೆಯೂ ನಡೆಯುವ ಶಬ್ದಗಳೂ ಇವೆ. ಲೋಕಲ್ ಗಾಡಿಯಲ್ಲಿ ತೂಗಾಡಿ ಬರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. "ಫಾಸ್ಟ್ ಟ್ರೇನ್" ಎಂಬಲ್ಲಿ ಫಾಸ್ಟ್, ಅಡ್ಜೆಕ್ಟಿವ್. "ದಿ ಟ್ರೇನ್ ರನ್ಸ್ ಫಾಸ್ಟ್" ಎಂಬಲ್ಲಿ ಅದೇ ಫಾಸ್ಟ್, ಅಡ್ವರ್ಬ್. 'ಫಾಸ್ಟ್‌ಲಿ' ಎಂಬ ಶಬ್ದವನ್ನು ಇಂದಿನ ಇಂಗ್ಲಿಷಿನಲ್ಲಿ ಬಳಸುವುದಿಲ್ಲ. ಹಾರ್ಡ್, ಲೇಟ್, ಅರ್ಲಿ, ಸ್ಟ್ರೇಟ್ ಎಂಬವೂ ಇದೇ ಜಾತಿ. ರಸ್ತೆಯ ಬದಿಯಲ್ಲಿ "ಗೋ ಸ್ಲೋ" ಎಂದು ಬರೆದಿರುತ್ತಾರೆ; ಅಲ್ಲಿ ಸ್ಲೋ ಎಂಬುದೂ ಅಡ್ವರ್ಬ್ ಆಗಿಯೇ ದುಡಿಯುತ್ತದೆ. ಗಿರಣಿ ಬಂಧುಗಳಿಗೆ ಗೋ-ಸ್ಲೋ ಎಂಬ ಮಾತಿನ ಇನ್ನೊಂದು ಅರ್ಥವೂ ಗೊತ್ತು. ಅದರ ವಿಚಾರ ಇನ್ನೊಂದು ದಿನ.

ಈಗ ನಿಜವಾದ ಅಪಾಯದ ಜಾಗಕ್ಕೆ ಬರೋಣ. ಇಂಥ ಕೆಲವು ಶಬ್ದಗಳಿಗೆ ಲಿ ಹಚ್ಚಿದರೆ ಅರ್ಥವೇ ಬೇರೆಯಾಗುತ್ತದೆ. ಇದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ಹಾರ್ಡ್ ಎಂದರೆ ಕಷ್ಟಪಟ್ಟು; ಹಾರ್ಡ್‌ಲಿ ಎಂದರೆ ಇಲ್ಲವೆನ್ನುವಷ್ಟು ಕಡಿಮೆ.

ಲೇಟ್ ಎಂದರೆ ತಡವಾಗಿ. ಲೇಟ್‌ಲಿ ಎಂದರೆ ಇತ್ತೀಚೆಗೆ.

ನಿಯರ್ ಎಂದರೆ ಹತ್ತಿರ; ನಿಯರ್‌ಲಿ ಎಂದರೆ ಹೆಚ್ಚುಕಡಿಮೆ ಅಷ್ಟು, ಆದರೆ ಪೂರ್ತಿ ಅಲ್ಲ.

ಶಾರ್ಟ್ ಎಂದರೆ ಗಿಡ್ಡ, ಕಡಿಮೆ. ಶಾರ್ಟ್‌ಲಿ ಎಂದರೆ ಸ್ವಲ್ಪ ಸಮಯದಲ್ಲಿ.

"ಯುವರ್ ಡ್ಯೂಸ್ ವಿಲ್ ಬಿ ಪೇಡ್ ಶಾರ್ಟ್‌ಲಿ" ಎಂಬ ನೋಟೀಸು ಬಂದರೆ ಬಾಕಿ ಹಣವನ್ನು ಕಡಿಮೆ ಮಾಡಿ ಕೊಡುತ್ತಾರೆಂದು ಗಾಬರಿಯಾಗಬೇಡಿ. ಬೇಗ ಕೊಡುತ್ತೇವೆ ಎಂದಿದ್ದಾರೆ. ಆದರೆ ಬೇಗ ಎಂದರೆ ಯಾವ ತಾರೀಖು ಎಂದು ಕೇಳಲು ಮರೆಯಬೇಡಿ! ಇನ್ನೊಂದು ತಮಾಷೆ. "ದಿ ಮ್ಯಾನೇಜರ್ ಈಸ್ ಲೇಟ್" ಎಂದರೆ ಮ್ಯಾನೇಜರರು ತಡವಾಗಿ ಬರುತ್ತಾರೆ. "ದಿ ಲೇಟ್ ಮ್ಯಾನೇಜರ್" ಎಂದರೆ ಸಾಮಾನ್ಯವಾಗಿ ಅವರು ಇನ್ನು ಬರುವುದೇ ಇಲ್ಲ, ದೈವಾಧೀನರಾಗಿದ್ದಾರೆ. ಫಾರ್ಮು ತುಂಬುವಾಗ ತಂದೆಯ ಹೆಸರಿನ ಮುಂದೆ ಲೇಟ್ ಬರೆಯುವ ಮುಂಚೆ ನೆನಪಿರಲಿ.

ಗುಣದ ಮೇಲೊಂದು ಗುಣ

ಅಡ್ವರ್ಬ್ ಕೆಲಸದ ಕೈಯನ್ನು ಮಾತ್ರ ಹಿಡಿಯುತ್ತದೆಂದು ಹೇಳಿದೆ. ಅದಕ್ಕೆ ಒಂದು ಮಾತು ಸೇರಿಸಬೇಕು. ಅದು ಅಡ್ಜೆಕ್ಟಿವ್‌ನ ಕೈಯನ್ನೂ ಇನ್ನೊಂದು ಅಡ್ವರ್ಬ್‌ನ ಕೈಯನ್ನೂ ಹಿಡಿಯುತ್ತದೆ. "ವೆರಿ ಹಾಟ್ ಟೀ" ಎಂಬಲ್ಲಿ ಹಾಟ್ ಚಹದ ಕೈ ಹಿಡಿದಿದೆ, ವೆರಿ ಹಾಟ್‌ನ ಕೈ ಹಿಡಿದಿದೆ. ಸಂಕ್ಷೇಪವಾಗಿ ಹೇಳುವುದಾದರೆ, ಹೆಸರಿಗೆ ಅಂಟಿದ್ದು ಅಡ್ಜೆಕ್ಟಿವ್, ಕೆಲಸಕ್ಕೂ ಗುಣಕ್ಕೂ ಅಂಟಿದ್ದು ಅಡ್ವರ್ಬ್. ಇಷ್ಟನ್ನು ಹಿಡಿದುಕೊಂಡರೆ ಕಾಯಿದೆಯ ಕಾಗದವನ್ನೂ ಓದಬಹುದು. ಓದಿ ನೋಡೋಣ.

1946ರಲ್ಲಿ ಸ್ಥಾಯೀ ಆದೇಶಗಳ ಕಾಯಿದೆ ಎಂಬುದು ಬಂತು. ಗಿರಣಿ ಕಾರ್ಖಾನೆಗಳಲ್ಲಿ ಯಾವುದು ತಪ್ಪು, ಯಾವ ತಪ್ಪಿಗೆ ಕೆಲಸದಿಂದ ತೆಗೆಯಬಹುದು ಎಂಬುದನ್ನು ಬರವಣಿಗೆಯಲ್ಲಿ ಇಡಬೇಕೆಂಬುದು ಅದರ ಉದ್ದೇಶ. 2020ರಲ್ಲಿ ಸಂಸತ್ತು ಆ ಕಾಯಿದೆಯನ್ನು ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿಸಿತು. ಹಳೆಯ ಕಾಯಿದೆಯ ಮಾದರಿ ಆದೇಶಗಳಲ್ಲಿ ತಪ್ಪುಗಳ ಪಟ್ಟಿಯೊಂದಿತ್ತು. ಅದರಲ್ಲಿ "ತಡವಾಗಿ ಬರುವುದು" ಎಂದಷ್ಟೇ ಬರೆದಿರಲಿಲ್ಲ. "ಹ್ಯಾಬಿಚುಅಲ್ ಲೇಟ್ ಅಟೆಂಡೆನ್ಸ್" ಎಂದಿತ್ತು. ಮಾತು ಕೇಳದಿರುವುದು ಎಂದಷ್ಟೇ ಇರಲಿಲ್ಲ. "ವಿಲ್‌ಫುಲ್" ಎಂಬ ಶಬ್ದ ಜೊತೆಗಿತ್ತು.

ಹ್ಯಾಬಿಚುಅಲ್ ಎಂದರೆ ಚಾಳಿಯಾಗಿ ಹೋದ, ವಿಲ್‌ಫುಲ್ ಎಂದರೆ ಬೇಕೆಂದೇ ಮಾಡಿದ. ಎರಡೂ ಅಡ್ಜೆಕ್ಟಿವ್‌ಗಳು. ಬಂಧುಗಳೇ, ಈ ಎರಡು ಸಣ್ಣ ಶಬ್ದಗಳು ಕೆಲಸಗಾರನ ತಲೆಯ ಮೇಲಿನ ಕೊಡೆ. ಗಾಡಿ ನಿಂತು ಒಂದು ದಿನ ತಡವಾಯಿತು. ಅದು ಲೇಟ್ ಹೌದು, ಹ್ಯಾಬಿಚುಅಲ್ ಅಲ್ಲ. ಮೇಲಿನವರ ಮಾತು ಕಿವಿಗೆ ಬೀಳಲಿಲ್ಲ, ಮೆಷಿನ್ನಿನ ಸದ್ದು ಅಷ್ಟಿತ್ತು. ಅದು ಮಾತು ಕೇಳದಿದ್ದದ್ದು ಹೌದು, ವಿಲ್‌ಫುಲ್ ಅಲ್ಲ. ಚಾಳಿ ಎಂದು ಹೇಳಿದವರು ಚಾಳಿಯೆಂದು ತೋರಿಸಬೇಕು.

ಚಿಕ್ಕ ಹೋಟೇಲುಗಳಿಗೆ ಆ ಪಟ್ಟಿ ತಾಗುತ್ತಿರಲಿಲ್ಲ. ಆದರೂ ನಮ್ಮವರ ಕೈಗೆ ಬರುವ ಚಾರ್ಜ್‌ಶೀಟುಗಳಲ್ಲಿ ನಾನು ಕಂಡಿರುವ ಶಬ್ದಗಳು ಇವೇ. "ಯೂ ಆರ್ ಹ್ಯಾಬಿಚುಅಲಿ ಲೇಟ್" ಎಂದು ಬರೆದಿರುತ್ತಾರೆ. ಇಲ್ಲಿ ಲೇಟ್ ಎಂಬುದು 'ಯೂ' ಎಂಬುದರ ಕೈ ಹಿಡಿದ ಗುಣ, ಹ್ಯಾಬಿಚುಅಲಿ ಎಂಬುದು ಆ ಗುಣದ ಕೈ ಹಿಡಿದ ಅಡ್ವರ್ಬ್. ಹುಡುಗರು ಓದುವುದು ಲೇಟ್ ಎಂಬ ಒಂದೇ ಶಬ್ದವನ್ನು. ಹೌದಲ್ಲ, ಒಂದು ದಿನ ತಡವಾಗಿತ್ತಲ್ಲ ಎಂದು ಪ್ರಾಮಾಣಿಕವಾಗಿ "ಎಸ್" ಎಂದು ಬರೆದು ಸಹಿ ಹಾಕಿಬಿಡುತ್ತಾರೆ. ತಡವಾದದ್ದಕ್ಕೆ ಮಾತ್ರ ಒಪ್ಪಿದೆನೆಂದು ಅವನ ಎಣಿಕೆ. ಕಾಗದದ ಪ್ರಕಾರ ಅವನು ಚಾಳಿಗೂ ಒಪ್ಪಿಯಾಯಿತು. ಹೀಗೆ ಬರೆಯಬೇಕು: "ಐ ಆಮ್ ನಾಟ್ ಹ್ಯಾಬಿಚುಅಲಿ ಲೇಟ್. ಐ ಕೇಮ್ ಲೇಟ್ ಆನ್ ಒನ್ ಡೇ ಓನ್ಲಿ." ನಿಜವನ್ನೂ ಹೇಳಿದಿರಿ, ಸುಳ್ಳಿಗೆ ಸಹಿಯನ್ನೂ ಹಾಕಲಿಲ್ಲ.

ಬಾಗಿಲಿಗೆ ಬಿದ್ದ ಬೀಗ

ಗಿರಣಿಯ ಹಿರಿಯರು ಇಲ್ಲಿ ಕುಳಿತಿದ್ದಾರೆ. ಅವರಿಗಾಗಿ ಇದನ್ನು ಹೇಳಬೇಕು. ಬಾಗಿಲಿಗೆ ಬೀಗ ಬಿತ್ತು. ಅದು ಬೀಗಮುದ್ರೆಯೋ, ಅಂದರೆ ಲಾಕೌಟೋ, ಅಥವಾ ಮುಚ್ಚುಗಡೆಯೋ, ಅಂದರೆ ಕ್ಲೋಜರೋ? ಬೀಗ ನೋಡಿದರೆ ಗೊತ್ತಾಗುವುದಿಲ್ಲ. ಬೀಗ ಒಂದೇ ತರಹ. ಬೀಗಮುದ್ರೆಯಾದರೆ ನೌಕರಿ ಇನ್ನೂ ಜೀವದಿಂದಿದೆ; ಅದು ಕಾಯಿದೆಗೆ ವಿರುದ್ಧವಾದರೆ ಆ ದಿನಗಳ ಪಗಾರ ಕೇಳಬಹುದು. ಮುಚ್ಚುಗಡೆಯಾದರೆ ಉಳಿಯುವುದು ಪರಿಹಾರದ ಲೆಕ್ಕ.

1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಮೊದಲು ಲಾಕೌಟ್ ಎಂದರೆ ಕೆಲಸದ ಜಾಗವನ್ನು ಮುಚ್ಚುವುದು, ಬರಿಯ 'ಕ್ಲೋಸಿಂಗ್' ಎಂದಿತ್ತು. ಮುಂಬಯಿಯ ಗಿರಣಿಗಳಲ್ಲಿ ದೊಡ್ಡ ಮುಷ್ಕರ ಆರಂಭವಾದದ್ದು 1982ರ ಜನವರಿ 18ರಂದು. ಆ ಮುಷ್ಕರದ ಬಳಿಕ ಎಷ್ಟೋ ಗಿರಣಿಗಳ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಅದೇ 1982ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ಮಾಡಿತು. ಅದು ಜಾರಿಗೆ ಬಂದದ್ದು 1984ರಲ್ಲಿ. ತಿದ್ದುಪಡಿಯಲ್ಲಿ ಲಾಕೌಟಿನ ಅರ್ಥಕ್ಕೆ ಒಂದು ಅಡ್ಜೆಕ್ಟಿವ್ ಸೇರಿಸಿದರು: "ಟೆಂಪೊರರಿ ಕ್ಲೋಸಿಂಗ್". ಕ್ಲೋಜರ್ ಎಂಬುದಕ್ಕೆ ಬೇರೆಯಾಗಿಯೇ ಅರ್ಥ ಕೊಟ್ಟು ಅಲ್ಲಿ ಇನ್ನೊಂದು ಅಡ್ಜೆಕ್ಟಿವ್ ಇಟ್ಟರು: "ಪರ್ಮನೆಂಟ್ ಕ್ಲೋಸಿಂಗ್ ಡೌನ್". ತಾತ್ಕಾಲಿಕ, ಶಾಶ್ವತ. ಎರಡು ಅಡ್ಜೆಕ್ಟಿವ್‌ಗಳ ನಡುವೆ ಒಂದು ಸಂಸಾರದ ಅನ್ನ ನಿಂತಿದೆ.

ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವೂ ಇದೆ. ಮುಚ್ಚುವುದು ಕೆಲಸವಲ್ಲವೆ, ಹಾಗಾದರೆ ಟೆಂಪೊರರಿಲಿ, ಪರ್ಮನೆಂಟ್‌ಲಿ ಎಂದು ಯಾಕೆ ಬರೆಯಲಿಲ್ಲ? ಯಾಕೆಂದರೆ ಕ್ಲೋಸಿಂಗ್ ಎಂಬುದು ಇಲ್ಲಿ ಕೆಲಸದ ಹೆಸರು, ನಮ್ಮ 'ಮುಚ್ಚುವಿಕೆ' ಇದ್ದ ಹಾಗೆ. ಹೆಸರಾದುದರಿಂದ ಅಡ್ಜೆಕ್ಟಿವ್. ಬಾಗಿಲ ಮೇಲಿನ ನೋಟೀಸಿನಲ್ಲಿ "ದಿ ಮಿಲ್ ಈಸ್ ಕ್ಲೋಸ್ಡ್ ಟೆಂಪೊರರಿಲಿ" ಎಂದಿದ್ದರೆ ಅಲ್ಲಿ ಲಿ ಬರುತ್ತದೆ. ಬಾಲ ಯಾವುದಿದ್ದರೂ ನೀವು ಹುಡುಕಬೇಕಾದದ್ದು ಒಂದನ್ನು: ಟೆಂಪೊರರಿಯೋ, ಪರ್ಮನೆಂಟೋ? ಎರಡೂ ಇಲ್ಲದೆ ಬರಿಯ "ಕ್ಲೋಸ್ಡ್" ಎಂದಿದ್ದರೆ ಅದೇ ದಿನ ಸಂಘಕ್ಕೆ ಬಂದು ತಿಳಿಸಿ. ಯಾವ ಬಗೆಯ ಮುಚ್ಚುವಿಕೆಯೆಂದು ಬರವಣಿಗೆಯಲ್ಲಿ ಕೇಳೋಣ.

ಇದೇ ರೀತಿಯ ಇನ್ನೊಂದು ಶಬ್ದ ವಾಲಂಟರಿ. ಸ್ವಂತ ಇಚ್ಛೆಯ ಎಂದು ಅರ್ಥ. ಕೆಲಸ ಹೆಚ್ಚಾಗಿಲ್ಲವೆಂದು ಮಾಲಕರು ಆಳು ಕಡಿಮೆ ಮಾಡಿದರೆ, ಪೂರೈಸಿದ ಪ್ರತಿಯೊಂದು ವರ್ಷಕ್ಕೆ 15 ದಿನಗಳ ಸರಾಸರಿ ಪಗಾರವನ್ನು ಪರಿಹಾರವಾಗಿ ಕೊಡಬೇಕೆಂದು 1953ರಲ್ಲಿ ಕಾಯಿದೆ ಮಾಡಿದರು. ಆದರೆ ಸ್ವಂತ ಇಚ್ಛೆಯ ನಿವೃತ್ತಿಗೆ, ವಾಲಂಟರಿ ರಿಟೈರ್‌ಮೆಂಟಿಗೆ, ಅದು ಅನ್ವಯಿಸುವುದಿಲ್ಲವೆಂದೂ ಅಲ್ಲಿಯೇ ಬರೆದರು. ಆಫೀಸಿನವರು ಟೈಪು ಮಾಡಿ ತಂದ ಕಾಗದದಲ್ಲಿ "ಐ ಆಮ್ ವಾಲಂಟರಿಲಿ ಲೀವಿಂಗ್ ಮೈ ಸರ್ವಿಸ್" ಎಂದಿರುತ್ತದೆ. ಲೀವಿಂಗ್ ಎಂಬ ಕೆಲಸದ ಕೈ ಹಿಡಿದು ನಿಂತ ಆ ಒಂದು ಅಡ್ವರ್ಬ್, ದೂಡಿದವರನ್ನು ಬಿಡಿಸಿ, ಬಿದ್ದವನೇ ಹಾರಿಕೊಂಡನೆಂದು ಹೇಳುತ್ತದೆ. ಆ ಕಾಗದ ಈಗ ಮೊಬೈಲಿನಲ್ಲಿಯೂ ಬರುತ್ತದೆ. ಬೆರಳು ಒತ್ತುವ ಮುಂಚೆ ವಾಲಂಟರಿಲಿ ಎಂಬ ಶಬ್ದ ಇದೆಯೇ ಎಂದು ನೋಡಿ.

ಕನ್ನಡದಲ್ಲಿಯೇ ಕೇಳಬಾರದೆ?

"ನಮಗೆ ಇಂಗ್ಲಿಷಿನ ಗೊಡವೆ ಯಾಕೆ, ನಮ್ಮ ಭಾಷೆಯಲ್ಲಿಯೇ ನೋಟೀಸು ಕೊಡಿರೆಂದು ಕೇಳೋಣ" ಎಂದು ಒಬ್ಬ ಮಿತ್ರರು ಹೇಳಿದರು. ಕೇಳೋಣ, ಕೇಳಲೇಬೇಕು. ಆದರೆ ಕಾಯಿದೆಯ ಮಾತು ಏನಿತ್ತು ನೋಡಿ. ಆ 1946ರ ಕಾಯಿದೆಯಲ್ಲಿ ಸ್ಥಾಯೀ ಆದೇಶಗಳನ್ನು ಇಂಗ್ಲಿಷಿನಲ್ಲಿಯೂ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಹತ್ತಿರದ ಬೋರ್ಡಿನ ಮೇಲೆ ಹಚ್ಚಬೇಕೆಂದಿತ್ತು. ಈ ಊರಿನಲ್ಲಿ ಆ ಭಾಷೆ ಸಹಜವಾಗಿ ಮರಾಠಿ. ಅದೂ ನ್ಯಾಯವೇ. ನಾವು ಕಡಿಮೆ ಪಾಲಿನವರು. ಹೀಗಿರುವಾಗ ಪರಊರಿನ ಕನ್ನಡಿಗನು ಮರಾಠಿಯನ್ನಾಗಲಿ ಇಂಗ್ಲಿಷನ್ನಾಗಲಿ ಓದಲು ಕಲಿಯದೆ ಗತಿಯಿಲ್ಲ. ಎರಡನ್ನೂ ಕಲಿತರೆ ಮತ್ತೂ ಮೇಲು.

ಆ ಕಲಮಿನಲ್ಲಿ ಇನ್ನೊಂದು ಶಬ್ದವಿತ್ತು, ಪ್ರಾಮಿನೆಂಟ್‌ಲಿ. ಎಲ್ಲರ ಕಣ್ಣಿಗೆ ಬೀಳುವಂತೆ ಹಚ್ಚಬೇಕು ಎಂದರ್ಥ. ಕಪಾಟಿನ ಹಿಂದೆ ಹಚ್ಚಿದರೂ ಹಚ್ಚಿದಂತೆಯೇ, ಆದರೆ ಪ್ರಾಮಿನೆಂಟ್‌ಲಿ ಹಚ್ಚಿದಂತಾಗಲಿಲ್ಲ. ಒಂದು ಅಡ್ವರ್ಬ್ ಗೊತ್ತಿದ್ದವನು "ಇದನ್ನು ಕಪಾಟಿನ ಹಿಂದಿನಿಂದ ತೆಗೆದು ಬಾಗಿಲಿಗೆ ಹಚ್ಚಿ" ಎಂದು ಧೈರ್ಯವಾಗಿ ಕೇಳಬಹುದಿತ್ತು.

ಕೊನೆಗೆ ಒಂದು ನೋಟೀಸನ್ನು ಕೂಡಿ ಓದಿಬಿಡೋಣ. ಬೋರ್ಡಿನ ಮೇಲೆ ಬರೆದಿದ್ದೇನೆ. "ಪರ್ಮನೆಂಟ್ ವರ್ಕರ್ಸ್ ವಿಲ್ ಬಿ ಪೇಡ್ ಫುಲಿ. ಟೆಂಪೊರರಿ ವರ್ಕರ್ಸ್ ವಿಲ್ ಬಿ ಪೇಡ್ ಪಾರ್ಟ್‌ಲಿ. ದಿ ಕ್ಯಾಂಟೀನ್ ವಿಲ್ ರಿಮೇನ್ ಕ್ಲೋಸ್ಡ್." ಪರ್ಮನೆಂಟ್, ಟೆಂಪೊರರಿ ಎಂಬವು ವರ್ಕರ್ಸ್ ಎಂಬ ಹೆಸರಿನ ಕೈ ಹಿಡಿದಿವೆ: ಅಡ್ಜೆಕ್ಟಿವ್. ಫುಲಿ, ಪಾರ್ಟ್‌ಲಿ ಎಂಬವು ಕೊಡುವ ಕೆಲಸದ ಕೈ ಹಿಡಿದಿವೆ: ಅಡ್ವರ್ಬ್. ರಿಮೇನ್ ಎಂಬುದು ತಕ್ಕಡಿಯ ದಂಡಿಗೆ. ಆದುದರಿಂದ ಕ್ಲೋಸ್ಡ್ ಎಂಬುದು ಕ್ಯಾಂಟೀನಿನ ಗುಣ: ಅಡ್ಜೆಕ್ಟಿವ್. ಈಗ ವ್ಯಾಕರಣವನ್ನು ಬದಿಗಿಟ್ಟು ನಿಮ್ಮನ್ನೇ ಕೇಳಿಕೊಳ್ಳಿ: ನನ್ನನ್ನು ಯಾವ ಅಡ್ಜೆಕ್ಟಿವ್‌ನೊಳಗೆ ಹಾಕಿದ್ದಾರೆ? ನನ್ನ ಹಣದ ಮುಂದೆ ಯಾವ ಅಡ್ವರ್ಬ್ ಬರೆದಿದ್ದಾರೆ? ಈ ಎರಡು ಪ್ರಶ್ನೆ ಕೇಳಲು ಬಂದರೆ ಇಂದಿನ ಪಾಠ ಬಂದ ಹಾಗೆಯೇ.

ಮುಂದಿನ ವರ್ಗಕ್ಕೆ ಬರುವಾಗ ನಿಮ್ಮ ನಿಮ್ಮ ಹೋಟೇಲು, ಗಿರಣಿಗಳ ಗೋಡೆಯ ಮೇಲಿರುವ ಒಂದೊಂದು ಇಂಗ್ಲಿಷು ನೋಟೀಸನ್ನು ಕಾಪಿ ಮಾಡಿಕೊಂಡು ಬನ್ನಿ. ಹೆಸರಿನ ಗುಣಕ್ಕೆ ಒಂದು ಗೆರೆ, ಕೆಲಸದ ಗುಣಕ್ಕೆ ಎರಡು ಗೆರೆ ಎಳೆದು ತನ್ನಿ. ಬರೆಯಲು ಬಾರದವರು ಬರೆಯಲು ಬರುವವರನ್ನು ಜೊತೆಗೆ ಕರೆದುಕೊಂಡು ಬನ್ನಿ. ಚಾರ್ಜ್‌ಶೀಟು ಕೈಗೆ ಬಂದವರು ಮುಂದಿನ ವರ್ಗದವರೆಗೆ ಕಾಯಬೇಡಿ, ನಾಳೆಯೇ ಬನ್ನಿ. ಸಹಿ ಮಾತ್ರ ಹಾಕಿ ಬರಬೇಡಿ.